ಎಷ್ಟು ಜೂಮ್ ಎಂದು ಕೇಳಿದ ಅಳಿಯನಿಗೆ

ಕಳೆದ ಯುಗಾದಿಗೆ ತೀರ್ಥಹಳ್ಳಿಯ ಸಮೀಪದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಒಬ್ಬಟ್ಟಿನ ಊಟ ಮುಗಿಸಿ, ಜಗಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ ಅಕ್ಕನ ಮಗ ಮೊಬೈಲನ್ನು ನನ್ನ ಮುಂದೆ ಹಿಡಿದು, “ಮಾವ, ಇದ್ರಲ್ಲಿ 125 ಪಟ್ಟು ಜೂಮ್ ಇದ್ಯಂತೆ. ಇದನ್ನೇ ತಗೊಂಡ್ಬಿಡ್ಲಾ?” ಎಂದು ಕೇಳಿದ. ಹುಡುಗನಿಗೆ ಶಿವಮೊಗ್ಗದಲ್ಲಿ ಕೆಲಸ. ಶನಿವಾರ, ಭಾನುವಾರ ಊರಿನಲ್ಲಿರುತ್ತಾನೆ. ಹಕ್ಕಿಗಳ ಹುಚ್ಚು ಹಿಡಿದು ವರ್ಷವಾಗಿದೆ. ಒಂದು ಲಕ್ಷ ರೂಪಾಯಿಯವರೆಗೆ ಖರ್ಚು ಮಾಡಲು ಸಿದ್ಧನಿದ್ದಾನೆ. ಆ ಹೊತ್ತಿಗೆ ಹೌದೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. “ನೀನು ಹಕ್ಕಿ ನೋಡೋದು ಎಲ್ಲಿ, ಎಷ್ಟು ಹೊತ್ತಿಗೆ?” ಎಂದಷ್ಟೇ ಕೇಳಿದೆ. ಅವನಿಗೆ ಈ ಪ್ರಶ್ನೆ ಅಸಂಬದ್ಧವೆನಿಸಿರಬೇಕು. ಮೈಸೂರಿಗೆ ಮರಳಿದ ಮೇಲೆ ಅವನಿಗೆ ಫೋನಿನಲ್ಲಿ ಕಂತು ಕಂತಾಗಿ ಹೇಳಿದ್ದನ್ನೇ ಇಲ್ಲಿ ಒಂದೆಡೆ ಸೇರಿಸಿ ಬರೆಯುತ್ತಿದ್ದೇನೆ.

ನನ್ನ ಹಕ್ಕಿಗಳ ಚಿತ್ರಗಳ ಕಥೆ ಶುರುವಾದದ್ದೂ ಜೂಮಿನಿಂದಲೇ. 2016ರಲ್ಲಿ ನಾನು ಕೊಂಡದ್ದು ಲೆನ್ಸ್ ಬಿಚ್ಚಲು ಬಾರದ, ಉದ್ದ ಜೂಮಿನ, ಬ್ರಿಡ್ಜ್ ಕ್ಯಾಮೆರಾ ಎಂದು ಕರೆಯುವ ಬಗೆಯದನ್ನು. ಮೊದಲ ವಾರ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಂತು, ನಡುಗಡ್ಡೆಯ ಮರಗಳಲ್ಲಿ ಕುಳಿತ ಹೆಜ್ಜಾರ್ಲೆಯ ಕೊಕ್ಕಿನ ಮೇಲಿರುವ ಚುಕ್ಕೆಗಳನ್ನು ಎಣಿಸುವಷ್ಟು ಹತ್ತಿರಕ್ಕೆ ಎಳೆದುಕೊಂಡಾಗ ಆದ ಸಂತೋಷ ಈಗಲೂ ನೆನಪಿದೆ. ಎರಡನೆಯ ವಾರ ಅದೇ ಏರಿಯ ಮೇಲೆ ಕಪ್ಪು ಬಿಳಿ ಮಿಂಚುಳ್ಳಿಯೊಂದು ಎದುರಾಯಿತು. ಈ ಹಕ್ಕಿ ನೀರಿನಿಂದ ನಾಲ್ಕೈದು ಮೀಟರ್ ಎತ್ತರದಲ್ಲಿ, ಕತ್ತು ಬಗ್ಗಿಸಿ, ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನೇತುಹಾಕಿದಂತೆ ನಿಲ್ಲುತ್ತದೆ. ಮೀನು ಕಂಡೊಡನೆ ಕಲ್ಲಿನಂತೆ ಬೀಳುತ್ತದೆ. ಅದು ಗಾಳಿಯಲ್ಲಿ ನಿಂತಿರುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ನಾನು ಮಾಡಬೇಕಾದ ಕೆಲಸಗಳು ಇಷ್ಟು: ಜೂಮ್ ಕಡಿಮೆ ಮಾಡಿ ಹಕ್ಕಿಯನ್ನು ಹುಡುಕುವುದು, ಸಿಕ್ಕ ಮೇಲೆ ಗುಂಡಿಯೊತ್ತಿ ಜೂಮ್ ಹೆಚ್ಚಿಸುವುದು, ಅರ್ಧ ಒತ್ತಿ ಫೋಕಸ್ ಆಗುವವರೆಗೆ ಕಾಯುವುದು. ಮೋಟಾರು ಗುಂಯ್ ಎನ್ನುತ್ತ ಲೆನ್ಸನ್ನು ಮುಂದೆ ತಳ್ಳಿತು, ಫೋಕಸ್ ಹಕ್ಕಿಯನ್ನು ಬಿಟ್ಟು ಹಿಂದಿನ ಜೊಂಡಿಗೆ ಹೋಯಿತು, ಅಲ್ಲಿಂದ ಮರಳಿ ಬರುವಷ್ಟರಲ್ಲಿ ವ್ಯೂಫೈಂಡರಿನಲ್ಲಿ ನೀರಿನ ಉಂಗುರ ಮಾತ್ರ ಉಳಿದಿತ್ತು. ಆ ಬೆಳಿಗ್ಗೆ ಹಕ್ಕಿ ಹನ್ನೊಂದು ಸಲ ಧುಮುಕಿತು. ನನಗೆ ಸಿಕ್ಕಿದ್ದು ಜೊಂಡಿನ ಹನ್ನೊಂದು ಸ್ಪಷ್ಟವಾದ ಚಿತ್ರಗಳು.

ಅದೇ ಕ್ಯಾಮೆರಾವನ್ನು ಹಿಡಿದು ಆ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬಿಸಿಲೇರುವ ಹೊತ್ತಿಗೆ ಕೆರೆಗೆ ಮರಳಿ ವಿಶ್ರಮಿಸುತ್ತವೆ. ನಾವು ತಲುಪಿದಾಗ ಹತ್ತು ಗಂಟೆ ದಾಟಿತ್ತು. ಬಾತುಗಳು ದೂರದಲ್ಲಿದ್ದವು, ನನ್ನ ಬಳಿ ಜೂಮ್ ಧಾರಾಳವಾಗಿತ್ತು. ಆದರೆ ತೆಗೆದ ಒಂದೊಂದು ಚಿತ್ರವೂ ಕಾದ ಹಂಚಿನ ಮೇಲಿನ ಗಾಳಿಯ ಮೂಲಕ ನೋಡಿದಂತೆ ನಡುಗುತ್ತಿತ್ತು. ತಲೆಯ ಎರಡು ಕಪ್ಪು ಪಟ್ಟೆಗಳು ಕಲಸಿಹೋಗಿದ್ದವು. ದೋಷ ಕ್ಯಾಮೆರಾದ್ದಲ್ಲ. ಬಿಸಿಯಾದ ನೆಲದಿಂದ ಏಳುವ ಗಾಳಿಯ ಪದರಗಳು ಬೆಳಕನ್ನು ಬಾಗಿಸುತ್ತವೆ, ಹಕ್ಕಿಗೂ ನಮಗೂ ನಡುವಿನ ದೂರ ಹೆಚ್ಚಿದಷ್ಟೂ ಆ ಪದರಗಳು ಹೆಚ್ಚುತ್ತವೆ, ಜೂಮ್ ಹಕ್ಕಿಯ ಜೊತೆಗೆ ಆ ನಡುಕವನ್ನೂ ಅಷ್ಟೇ ನಿಷ್ಠೆಯಿಂದ ದೊಡ್ಡದು ಮಾಡುತ್ತದೆ. ಹದಿನೈದು ಲಕ್ಷದ ಲೆನ್ಸ್ ತಂದಿದ್ದರೂ ಆ ಹೊತ್ತಿನಲ್ಲಿ ಅಲ್ಲಿಂದ ಅದೇ ಚಿತ್ರ ಬರುತ್ತಿತ್ತು. ಮರುದಿನ ಬೆಳಗಿನ ಏಳಕ್ಕೆ ಹೋಗಿ ಅದೇ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಈಗಲೂ ನಮ್ಮ ಮನೆಯ ನಡುಮನೆಯಲ್ಲಿದೆ.

ಅಂಗಡಿಯವರು ಹೇಳುವ “ಇಷ್ಟು ಪಟ್ಟು ಜೂಮ್” ಎಂಬ ಮಾತಿನ ಅರ್ಥವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದು ಲೆನ್ಸಿನ ಅತಿ ಉದ್ದದ ನಾಭಿದೂರವನ್ನು (ಮಿಲಿಮೀಟರಿನಲ್ಲಿ ಹೇಳುವ ಈ ಅಳತೆ ಹೆಚ್ಚಿದಷ್ಟೂ ಹಕ್ಕಿ ದೊಡ್ಡದಾಗಿ ಮೂಡುತ್ತದೆ) ಅತಿ ಚಿಕ್ಕದರಿಂದ ಭಾಗಿಸಿದಾಗ ಬರುವ ಸಂಖ್ಯೆ, ಅಷ್ಟೆ. ನಿಕಾನ್ ಪಿ900ರದ್ದು 24ರಿಂದ 2000 ಮಿ.ಮೀ.ಗೆ ಸಮನಾದ ಲೆನ್ಸ್, ಆದ್ದರಿಂದ 83 ಪಟ್ಟು. 2018ರಲ್ಲಿ ಬಂದ ಪಿ1000ದ್ದು 24ರಿಂದ 3000, ಆದ್ದರಿಂದ 125 ಪಟ್ಟು. ಆದರೆ ಹಕ್ಕಿಯ ಚಿತ್ರ ತೆಗೆಯುವವರು ಅತಿ ಹೆಚ್ಚು ಬಳಸಿದ ಲೆನ್ಸುಗಳಲ್ಲೊಂದಾದ 200–500 ಮಿ.ಮೀ. ಲೆನ್ಸಿನ ಜೂಮ್ ಎರಡೂವರೆ ಪಟ್ಟು ಮಾತ್ರ! ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಯಾರಿಗಾದರೂ ನಗು ಬರಬೇಕು. ಕೇಳಬೇಕಾದದ್ದು ಕೊನೆಯ ಮಿಲಿಮೀಟರಿನ ಸಂಖ್ಯೆಯನ್ನು, ಮತ್ತು ಅದಕ್ಕಿಂತ ಮುಖ್ಯವಾಗಿ ಆ ಕೊನೆಯಲ್ಲಿ ಲೆನ್ಸ್ ಎಷ್ಟು ಬೆಳಕನ್ನು ಒಳಗೆ ಬಿಡುತ್ತದೆ ಎಂಬುದನ್ನು.

ಬೆಳಕನ್ನು ಅಳೆಯಲು ನಾನು ಬಳಸುವ ಲೆಕ್ಕ ತುಂಬ ಸರಳ. ಲೆನ್ಸಿನ ನಿಜವಾದ ನಾಭಿದೂರವನ್ನು ಅದರ ಎಫ್ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಬೆಳಕು ಒಳಹೋಗುವ ಕಿಂಡಿಯ (ಅಪರ್ಚರ್) ಅಗಲ. 500 ಮಿ.ಮೀ., ಎಫ್/5.6 ಎಂದರೆ 89 ಮಿ.ಮೀ. ಅಗಲದ ಕಿಂಡಿ. 600 ಮಿ.ಮೀ., ಎಫ್/6.3 ಎಂದರೆ 95. ಪಿ1000ದ 3000 ಎಂಬುದು ಸಮಾನ ಲೆಕ್ಕ, ಅಂದರೆ ಚಿತ್ರ ಮೂಡುವ ಫಲಕ (ಸೆನ್ಸರ್) ದೊಡ್ಡದಾದ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅಷ್ಟೇ ಹತ್ತಿರ ತೋರಿಸಲು ಬೇಕಾಗುವ ಉದ್ದ. ನಿಜವಾದ ನಾಭಿದೂರ 539 ಮಿ.ಮೀ., ಅಲ್ಲಿ ಅಪರ್ಚರ್ ಎಫ್/8, ಆದ್ದರಿಂದ ಕಿಂಡಿ 67. ಸೋನಿ ಆರ್‌ಎಕ್ಸ್10 ನಾಲ್ಕನೆಯ ಮಾದರಿಯ ಕೊನೆ 220 ಮಿ.ಮೀ., ಎಫ್/4, ಅಂದರೆ 55. ಲೆನ್ಸ್ ಬದಲಿಸಬಹುದಾದ, ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಜೊತೆಗೆ ಜೋಡಿಯಾಗಿ ಮಾರುತ್ತಿದ್ದ 70–300ರ ಅಗ್ಗದ ಲೆನ್ಸಿನ ಕೊನೆ ಎಫ್/6.3, ಅಂದರೆ 48 ಮಾತ್ರ. ಒಂದೇ ಹಕ್ಕಿಯನ್ನು ಒಂದೇ ದೂರದಿಂದ ಒಂದೇ ಶಟರ್ ವೇಗದಲ್ಲಿ (ಬೆಳಕಿನ ಬಾಗಿಲನ್ನು ಒಂದೇ ಹೊತ್ತು ತೆರೆದಿಟ್ಟು) ತೆಗೆಯುವಾಗ ಆ ಹಕ್ಕಿಯ ಮೈಯಿಂದ ಹೊರಟ ಬೆಳಕು ಎಷ್ಟು ನಮ್ಮ ಪಾಲಿಗೆ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಈ ಕಿಂಡಿಯ ವಿಸ್ತೀರ್ಣ. 95ರ ಕಿಂಡಿ 67ರದ್ದಕ್ಕಿಂತ ಎರಡು ಪಟ್ಟು, 48ರದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಬೆಳಕನ್ನು ಹಿಡಿಯುತ್ತದೆ.

ಈ ಲೆಕ್ಕವನ್ನು ಕಲಿತ ಮೇಲೆ ನನ್ನ ಎರಡು ಮೂಢನಂಬಿಕೆಗಳು ಬಿಟ್ಟುಹೋದವು. ಬ್ರಿಡ್ಜ್ ಕ್ಯಾಮೆರಾಗಳ ಚಿತ್ರವೆಲ್ಲ ಕಳಪೆ ಎಂಬುದು ಮೊದಲನೆಯದು. ಪಿ1000ದ 67 ಮಿ.ಮೀ. ಕಿಂಡಿ ಏನೇನೂ ಚಿಕ್ಕದಲ್ಲ. ಬೆಳಗಿನ ಒಳ್ಳೆಯ ಬೆಳಕಿನಲ್ಲಿ, ಅಲುಗದೆ ಕುಳಿತ ಹಕ್ಕಿಯ ವಿಷಯದಲ್ಲಿ ಅಂಥ ಕ್ಯಾಮೆರಾಗಳು ಕೊಡುವ ಚಿತ್ರ ಅಚ್ಚರಿ ಹುಟ್ಟಿಸುವಷ್ಟು ಚೆನ್ನಾಗಿರುತ್ತದೆ. ಅವುಗಳು ಸೋಲುವುದು ಚಲನೆಯ ಮುಂದೆ ಮತ್ತು ಕತ್ತಲೆಯ ಮುಂದೆ. ಎರಡನೆಯದು ಫುಲ್ ಫ್ರೇಮ್ ಸೆನ್ಸರಿನ ಮೋಹ. 36 ಗುಣಿಸು 24 ಮಿ.ಮೀ. ಅಳತೆಯ ಆ ಸೆನ್ಸರಿನ ಮುಂದೆ 48 ಮಿ.ಮೀ. ಕಿಂಡಿಯ ಲೆನ್ಸ್ ಹಾಕಿ, ದೂರದ ಗುಬ್ಬಿಯೊಂದರ ಚಿತ್ರ ತೆಗೆದು, ಆಮೇಲೆ ನಡುವಿನ ತುಂಡನ್ನು ಮಾತ್ರ ಕತ್ತರಿಸಿ ಉಳಿಸಿಕೊಳ್ಳುವವನು ಕೊಟ್ಟ ಹಣದ ಬಹುಭಾಗ ಕತ್ತರಿಸಿ ಎಸೆದ ಅಂಚಿನಲ್ಲಿ ಹೋಗಿರುತ್ತದೆ. ಹಕ್ಕಿಗಳ ಮಟ್ಟಿಗೆ ಎಪಿಎಸ್‌-ಸಿ ಎಂಬ ಮಧ್ಯಮ ಗಾತ್ರದ ಸೆನ್ಸರ್ ಬಡವರ ಆಯ್ಕೆಯಲ್ಲ, ತಿಳಿದವರ ಆಯ್ಕೆ. ಹಣವನ್ನು ಮೊದಲು ಲೆನ್ಸಿಗೆ ಇಡಬೇಕು, ಉಳಿದದ್ದನ್ನು ಬಾಡಿ ಎಂದು ಕರೆಯುವ, ಲೆನ್ಸ್ ಕೂರಿಸುವ ಕ್ಯಾಮೆರಾ ಪೆಟ್ಟಿಗೆಗೆ.

ಇನ್ನು ದೂರದ ಮಾತು. ನಮ್ಮ ಹಿತ್ತಲಿನ ದಾಸವಾಳಕ್ಕೆ ಬರುವ ಸೂರಕ್ಕಿಯ ಉದ್ದ ಸುಮಾರು 10 ಸೆಂ.ಮೀ. ಅದು 10 ಮೀಟರ್ ದೂರದಲ್ಲಿದ್ದಾಗ 500 ಮಿ.ಮೀ. ಲೆನ್ಸ್ ಅದನ್ನು ಸೆನ್ಸರಿನ ಮೇಲೆ 5 ಮಿ.ಮೀ. ಉದ್ದಕ್ಕೆ ಮೂಡಿಸುತ್ತದೆ, 20.9 ಮೆಗಾಪಿಕ್ಸೆಲಿನ ನಿಕಾನ್ ಡಿ500ರಂಥ ಕ್ಯಾಮೆರಾದಲ್ಲಿ ಅದು ಸುಮಾರು 1,200 ಪಿಕ್ಸೆಲ್. 300 ಮಿ.ಮೀ. ಲೆನ್ಸಿನಲ್ಲಿ 3 ಮಿ.ಮೀ., ಸುಮಾರು 700 ಪಿಕ್ಸೆಲ್. ಈಗ 300ರ ಲೆನ್ಸ್ ಹಿಡಿದವನು ದಾಸವಾಳದಿಂದ ಐದು ಮೀಟರಿನ ಅಂತರದಲ್ಲಿ ಒಂದು ಮಣೆ ಹಾಕಿಕೊಂಡು ಅರ್ಧ ಗಂಟೆ ಅಲುಗದೆ ಕುಳಿತನೆಂದು ಭಾವಿಸಿ: ಅವನ ಸೂರಕ್ಕಿ 1,400 ಪಿಕ್ಸೆಲ್ ಆಗುತ್ತದೆ. ದೂರ ಅರ್ಧವಾದರೆ ಲೆನ್ಸ್ ಇಮ್ಮಡಿಯಾದಂತೆ, ಅದೂ ಒಂದು ಕಾಸು ಖರ್ಚಿಲ್ಲದೆ. ಆದರೆ ಇಲ್ಲಿ ಕಾಯುವುದಕ್ಕೂ ಬೆನ್ನಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ಮರೆಯಬಾರದು. ಹಕ್ಕಿ ತಾನಾಗಿ ಬರುವ ಕಡೆ ಕುಳಿತಿರುವುದು ಬೇರೆ. ಕುಳಿತ ಹಕ್ಕಿಯ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಹೋಗಿ ಅದನ್ನು ಕೊಂಬೆಯಿಂದ ಕೊಂಬೆಗೆ ಎಬ್ಬಿಸುವುದು ಬೇರೆ. ಗೂಡಿನ ಬಳಿಗಂತೂ ಎಷ್ಟು ಉದ್ದದ ಲೆನ್ಸ್ ಇದ್ದರೂ ಹೋಗಬಾರದು. ನಾವು ಸರಿಸಿದ ಎಲೆಯ ಸಂದಿನಿಂದ ಕಾಗೆಯೂ ಕೆಂಬೂತವೂ ಮೊಟ್ಟೆಯನ್ನು ಕಾಣುತ್ತವೆ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ಮೊದಲಾದವರು ಆಟೋಫೋಕಸ್ ಎಂಬುದೇ ಇಲ್ಲದ ದಿನಗಳಲ್ಲಿ ಫಿಲ್ಮಿನ ಮೇಲೆ ಹಿಡಿದ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಹೊಳೆಯುವುದು ಅವರ ಲೆನ್ಸಿನ ಉದ್ದವಲ್ಲ, ಅವರು ಕುಳಿತ ಹೊತ್ತಿನ ಉದ್ದ.

ನನ್ನ ಎರಡನೆಯ ಖರೀದಿ ಆ ಡಿ500 ಮತ್ತು 200–500ರ ಜೋಡಿ. ಮಿಂಚುಳ್ಳಿಯ ಬಾಕಿ ಅದರಿಂದ ತೀರಿತು. ಸೆಕೆಂಡಿಗೆ ಹತ್ತು ಚಿತ್ರ, ಕಣ್ಣಿಗೂ ಹಕ್ಕಿಗೂ ನಡುವೆ ಗಾಜು, ಕನ್ನಡಿಗಳಲ್ಲದೆ ಬೇರೇನೂ ಇಲ್ಲದ ವ್ಯೂಫೈಂಡರ್, 1/2500 ಸೆಕೆಂಡಿನ ಶಟರ್. ಹಕ್ಕಿ ನೀರನ್ನು ಮುಟ್ಟುವ ಮುಂಚಿನ ಕ್ಷಣ ಮೂರನೆಯ ದಿನಕ್ಕೇ ಸಿಕ್ಕಿತು. ಆದರೆ ಬಾಡಿ 860 ಗ್ರಾಂ, ಲೆನ್ಸ್ 2,300 ಗ್ರಾಂ, ಒಟ್ಟು ಮೂರು ಕಿಲೋ ದಾಟಿದ ತೂಕ. ಅಂಗಡಿಯಲ್ಲಿ ಎರಡು ನಿಮಿಷ ಎತ್ತಿ ನೋಡಿದಾಗ ಗಂಡಸುತನಕ್ಕೆ ಸವಾಲೆನ್ನುವಂತೆ ಹಿತವಾಗಿಯೇ ಇದ್ದ ಭಾರ, ಮೂರು ಗಂಟೆ ಕೆರೆ ಸುತ್ತಿದ ಮೇಲೆ ಬೇರೆಯದೇ ಆಗಿರುತ್ತದೆ. ಹಕ್ಕಿ ಬರುವ ಹೊತ್ತಿಗೆ ಕ್ಯಾಮೆರಾ ಹೆಗಲಿನಿಂದ ಕೆಳಗಿಳಿದು ಕಟ್ಟೆಯ ಮೇಲಿರುತ್ತದೆ, ಅದನ್ನೆತ್ತಿಕೊಳ್ಳುವಷ್ಟರಲ್ಲಿ ಹಕ್ಕಿ ಇರುವುದಿಲ್ಲ. ನಾಲ್ಕು ವರ್ಷದ ನಂತರ ಬಲ ಭುಜದ ನೋವಿಗೆ ಮೂಳೆ ವೈದ್ಯರ ಬಳಿ ಹೋದಾಗ, ಅವರು ಕೇಳಿದ ಮೊದಲ ಪ್ರಶ್ನೆ ನಾನು ಕ್ರಿಕೆಟ್ ಆಡುತ್ತೇನೆಯೇ ಎಂಬುದಾಗಿತ್ತು.

ಆ ಜೋಡಿಯನ್ನು ಹೊತ್ತುಕೊಂಡು ಮೊದಲ ಸಲ ರಂಗನತಿಟ್ಟಿಗೆ ಹೋದಾಗ ಆದ ಪೇಚಾಟವನ್ನೂ ಹೇಳಬೇಕು. ದೋಣಿ ಬಂಡೆಗಳ ಪಕ್ಕಕ್ಕೆ ತೇಲುತ್ತ ಹೋದಾಗ ಬಣ್ಣದ ಕೊಕ್ಕರೆಗಳು ಎಷ್ಟು ಹತ್ತಿರವಿದ್ದವೆಂದರೆ, ಅತಿ ಕಡಿಮೆಯಾದ 200 ಮಿ.ಮೀ.ನಲ್ಲಿಯೂ ರೆಕ್ಕೆ ಬಿಚ್ಚಿದ ಹಕ್ಕಿ ಚೌಕಟ್ಟಿನಲ್ಲಿ ಹಿಡಿಸಲಿಲ್ಲ. ಕೊಕ್ಕು ಬಂದರೆ ಬಾಲವಿಲ್ಲ, ಬಾಲ ಬಂದರೆ ಕಾಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಕಾಲೇಜು ಹುಡುಗಿ 55–250ರ ಪುಟ್ಟ ಲೆನ್ಸಿನಲ್ಲಿ ಗೂಡಿಗೆ ಕಡ್ಡಿ ತರುತ್ತಿದ್ದ ಕೊಕ್ಕರೆಯ ಇಡೀ ಹಾರಾಟವನ್ನು ಹಿಡಿದು ತಾಯಿಗೆ ತೋರಿಸುತ್ತಿದ್ದಳು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರಿನ ಅರಸರು ಅಭಯಧಾಮವೆಂದು ಘೋಷಿಸಿದ ಈ ಜಾಗದಲ್ಲಿ ಹಕ್ಕಿಗಳಿಗೆ ದೋಣಿಯ ಭಯ ಉಳಿದಿಲ್ಲ. ಇಲ್ಲಿಗೆ ಬೇಕಾದದ್ದು ಉದ್ದವಲ್ಲ, ಚುರುಕು. ಟ್ರೈಪಾಡಂತೂ ಅಲುಗುವ ದೋಣಿಯಲ್ಲಿ ನಿಷ್ಪ್ರಯೋಜಕ. ನಾನು ಒಂದು ಖಾಲಿ ಬಟ್ಟೆಯ ಚೀಲವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ದಾರಿಯ ಅಂಗಡಿಯಲ್ಲಿ ಎರಡು ಕಿಲೋ ರಾಗಿ ಕೊಂಡು ತುಂಬಿಸಿ, ದೋಣಿಯ ಅಂಚಿಗೋ ಜೀಪಿನ ಕಿಟಕಿಗೋ ಒಡ್ಡಿ ಅದರ ಮೇಲೆ ಲೆನ್ಸ್ ಇಡುತ್ತೇನೆ. ಸಂಜೆ ರಾಗಿ ಅಡುಗೆಮನೆಗೆ ಹೋಗುತ್ತದೆ.

ಫೋಕಸಿನ ವಿಷಯದಲ್ಲಿ ಕಳೆದ ಕೆಲವು ವರ್ಷಗಳ ಬದಲಾವಣೆ ನಿಜಕ್ಕೂ ದೊಡ್ಡದು. 2020ರಲ್ಲಿ ಬಂದ ಕ್ಯಾನನ್ ಆರ್5, 2021ರ ಸೋನಿ ಎ1 ಮೊದಲಾದ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳು ಹಕ್ಕಿಯನ್ನು ಹಕ್ಕಿಯೆಂದು ಗುರುತಿಸಿ, ಅದರ ಕಣ್ಣಿಗೇ ಫೋಕಸನ್ನು ಅಂಟಿಸುತ್ತವೆ. ಈಗ ಮಧ್ಯಮ ಬೆಲೆಯ ಕ್ಯಾಮೆರಾಗಳಲ್ಲಿಯೂ ಈ ಸೌಲಭ್ಯವಿದೆ. ತೆರೆದ ಆಕಾಶದಲ್ಲಿ ಹದ್ದು, ಗಿಡುಗಗಳನ್ನು ಹಿಂಬಾಲಿಸುವವರಿಗೆ ಇದರಿಂದ ಸಿಗುವ ನೆಮ್ಮದಿ ಅಷ್ಟಿಷ್ಟಲ್ಲ. ಶಟರ್ ಪೂರ್ತಿ ಒತ್ತುವ ಮೊದಲಿನ ಕ್ಷಣಗಳನ್ನೂ ಉಳಿಸಿಕೊಳ್ಳುವ ವ್ಯವಸ್ಥೆ ಒಎಂ ಸಿಸ್ಟಮ್‌ನ ಒಎಂ-1ರಂಥ ಕ್ಯಾಮೆರಾಗಳಲ್ಲಿದೆ. ಕೊಂಬೆಯಿಂದ ಹಕ್ಕಿ ಹಾರಿದ ಮೇಲೆ ಒತ್ತಿದರೂ ಹಾರುವ ಕ್ಷಣ ಸಿಕ್ಕಿರುತ್ತದೆ. ಇದನ್ನು ಮೋಸವೆನ್ನುವ ಹಿರಿಯ ಮಿತ್ರರೂ ಇದ್ದಾರೆ. ನಾನು ಆ ಜಗಳಕ್ಕೆ ಹೋಗುವುದಿಲ್ಲ. ಆದರೆ ಬಿದಿರು ಮೆಳೆಯೊಳಗಿನ ಉಲಿಯಕ್ಕಿಯ ಮುಂದೆ ಹತ್ತು ಕಡ್ಡಿಗಳು ಅಡ್ಡವಿದ್ದಾಗ, ಎಷ್ಟೇ ಬುದ್ಧಿವಂತ ಕ್ಯಾಮೆರಾ ಆದರೂ ಒಂದು ಚಿಕ್ಕ ಚೌಕದ ಫೋಕಸನ್ನು ಬೆರಳಿನಿಂದ ಸರಿಸಿ ಸಂದಿಗೆ ತರುವ ಹಳೆಯ ವಿದ್ಯೆಯೇ ಹಲವು ಬಾರಿ ಕೆಲಸಕ್ಕೆ ಬರುವುದು.

ಭುಜದ ನೋವಿನ ನಂತರ ನಾನು ಕೊಂಡದ್ದು 612 ಗ್ರಾಂ ತೂಗುವ ಕ್ಯಾನನ್ ಆರ್7 ಮತ್ತು 635 ಗ್ರಾಂನ 100–400 ಮಿ.ಮೀ. ಲೆನ್ಸ್. ಎರಡೂ ಸೇರಿ ಒಂದೂಕಾಲು ಕಿಲೋ. ಇಡೀ ಬೆಳಿಗ್ಗೆ ಕತ್ತಿನಲ್ಲಿದ್ದರೂ ಇದೆಯೆಂಬುದು ಮರೆತುಹೋಗುತ್ತದೆ. ಆದರೆ ಮೇಲೆ ಹೇಳಿದ ಲೆಕ್ಕವನ್ನು ನನ್ನ ಮೇಲೆಯೇ ಪ್ರಯೋಗಿಸಿದರೆ, 400 ಮಿ.ಮೀ.ನಲ್ಲಿ ಎಫ್/8, ಕಿಂಡಿ 50 ಮಿ.ಮೀ. ಮಾತ್ರ. ಎಂದರೆ ಭುಜಕ್ಕಾಗಿ ಬೆಳಕನ್ನು ಬಿಟ್ಟುಕೊಟ್ಟಿದ್ದೇನೆ, ಗೊತ್ತಿದ್ದೇ ಬಿಟ್ಟುಕೊಟ್ಟಿದ್ದೇನೆ. ಮೈಸೂರಿನ ಕೆರೆಗಳ ಬಯಲು ಬೆಳಕಿನಲ್ಲಿ ಇದು ನಡೆಯುತ್ತದೆ. ಅಳಿಯನ ಊರಿನಲ್ಲಿ ನಡೆಯುವುದಿಲ್ಲ.

ನಾನು “ಎಲ್ಲಿ, ಎಷ್ಟು ಹೊತ್ತಿಗೆ” ಎಂದು ಅವನನ್ನು ಕೇಳಿದ್ದು ಇದಕ್ಕಾಗಿಯೇ. ಅವನು ಹಕ್ಕಿ ನೋಡುವುದು ಅಡಿಕೆ ತೋಟದಲ್ಲಿ, ಅದರಾಚೆ, ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟದಲ್ಲಿ. ಅಲ್ಲಿ ಹಕ್ಕಿಗಳು ದೂರವಿರುವುದಿಲ್ಲ. ಮರಗಳೇ ಇಪ್ಪತ್ತು ಮೀಟರಿನಾಚೆಗೆ ಏನನ್ನೂ ಕಾಣಗೊಡುವುದಿಲ್ಲ. ಇಲ್ಲದಿರುವುದು ಬೆಳಕು. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಮಧ್ಯಾಹ್ನ ಹನ್ನೆರಡಕ್ಕೂ ಮನೆಯೊಳಗೆ ದೀಪ ಹಾಕುವ ಊರು ಅದು. ದಾಂಡೇಲಿ ಸಮೀಪದ ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್ ಎಂಬ ಕಾಡಿನ ತಂಗುದಾಣದಲ್ಲಿ ಹಕ್ಕಿಗಳ ಸ್ನಾನಕ್ಕೆಂದು ಇಟ್ಟ ನೀರಿನ ಬಳಿ ಕುಳಿತವರಿಗೆ ಇದರ ಅನುಭವವಿರುತ್ತದೆ: ಹಕ್ಕಿ ಕೈಗೆಟುಕುವಷ್ಟು ಹತ್ತಿರ ಬಂದು ಮೀಯುತ್ತದೆ, ಆದರೆ ಕ್ಯಾಮೆರಾ 1/60 ಸೆಕೆಂಡಿನ ಶಟರ್ ತೋರಿಸುತ್ತದೆ. ಮೀಯುವ ಹಕ್ಕಿಗೆ 1/60 ಎಂದರೆ ಚಿತ್ರದಲ್ಲಿ ನೀರೂ ಹಕ್ಕಿಯೂ ಒಂದೇ. ಅಂಥಲ್ಲಿ ಎಫ್/8ರ ಲೆನ್ಸಿಗೂ ಎಫ್/4ರ ಲೆನ್ಸಿಗೂ ನಾಲ್ಕು ಪಟ್ಟು ವ್ಯತ್ಯಾಸ. ಒಂದು 1/60 ಎನ್ನುವಲ್ಲಿ ಇನ್ನೊಂದು 1/250 ಕೊಡುತ್ತದೆ. ಉಳಿದ ಕೊರತೆಯನ್ನು, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಹೇಳುವ ಐಎಸ್‌ಒ 3200, 6400ಕ್ಕೆ ಏರಿಸಿ ತುಂಬಿಕೊಳ್ಳಬೇಕು. ಚಿತ್ರದಲ್ಲಿ ಕಾಳು ಕಾಳು ಬರುತ್ತದೆಂದು ಹೆದರಬೇಕಾಗಿಲ್ಲ. ರಾ ಎಂಬ, ಕ್ಯಾಮೆರಾ ಸಂಸ್ಕರಿಸದ ಮೂಲ ಕಡತದಲ್ಲಿ ತೆಗೆದಿದ್ದರೆ ಈಗಿನ ತಂತ್ರಾಂಶಗಳು ಕಾಳನ್ನು ಬಹುಮಟ್ಟಿಗೆ ತೆಗೆಯುತ್ತವೆ. ಅಲುಗಿದ ಚಿತ್ರವನ್ನು ಮಾತ್ರ ಯಾವ ತಂತ್ರಾಂಶವೂ ಪೂರ್ತಿಯಾಗಿ ಸರಿಮಾಡಿ ಕೊಡುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಎಲ್ಲ ಚಿತ್ರಗಳೂ ಗೋಡೆಗೆ ತೂಗುಹಾಕಲಿಕ್ಕೆ ಅಲ್ಲ ಎಂಬುದನ್ನೂ ಹೇಳಬೇಕು. ಒಂದು ಡಿಸೆಂಬರಿನಲ್ಲಿ ಲಿಂಗಾಂಬುಧಿ ಕೆರೆಯ ಹೊಂಗೆಯ ಮರದಲ್ಲಿ ನಾನು ತೆಗೆದ ಉಲಿಯಕ್ಕಿಯೊಂದರ ಚಿತ್ರ ಎಷ್ಟು ಕೆಟ್ಟದಾಗಿತ್ತೆಂದರೆ ಅಳಿಸಿಬಿಡುವುದರಲ್ಲಿದ್ದೆ. ಅರ್ಧ ಮೈ ಎಲೆಯ ಹಿಂದಿತ್ತು, ಕೊಕ್ಕು ಮಸುಕಾಗಿತ್ತು. ಆದರೆ ಮಡಿಸಿದ ರೆಕ್ಕೆಯ ಮೇಲೆ ತೆಳುವಾದ ಒಂದು ಬಿಳಿ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಹಸಿರು ಉಲಿಯಕ್ಕಿಯೆಂದು ಗುರುತಿಸಲು ಆ ಒಂದು ಗೆರೆ, ಮೊದಲೇ ಕೇಳಿಸಿಕೊಂಡಿದ್ದ ಅದರ ಎರಡಕ್ಷರದ ಕೂಗು, ಇವೆರಡೇ ಸಾಕಾದವು. ಗುರುತಿಗಾಗಿ ಮಾತ್ರ ಚಿತ್ರ ಬೇಕಾದವರಿಗೆ ಮತ್ತು ಪಟ್ಟಿ ಬರೆದಿಡುವ ಹವ್ಯಾಸದವರಿಗೆ ಹಗುರವಾದ ಬ್ರಿಡ್ಜ್ ಕ್ಯಾಮೆರಾಕ್ಕಿಂತ ಒಳ್ಳೆಯದು ಇಲ್ಲವೆಂದೇ ನನ್ನ ಅಭಿಪ್ರಾಯ. ಅಂಥವರು ಲಕ್ಷಗಳನ್ನು ಸುರಿಯುವುದನ್ನು ನೋಡಿದಾಗ ಸಂಕಟವಾಗುತ್ತದೆ.

ಅದಕ್ಕಿಂತ ಹೆಚ್ಚಿನ ಸಂಕಟ ಬೈನಾಕ್ಯುಲರ್ ಇಲ್ಲದೆ ಕ್ಯಾಮೆರಾ ಕೊಳ್ಳುವವರನ್ನು ನೋಡಿದಾಗ. 8×42 ಎಂದು ಬರೆದಿರುವ ಬೈನಾಕ್ಯುಲರ್ ಎಂಟು ಪಟ್ಟು ಹತ್ತಿರ ತರುತ್ತದೆ, ಅದರ ಮುಂದಿನ ಗಾಜು 42 ಮಿ.ಮೀ. ಅಗಲ, ಮುಂಜಾವಿನ ಮಬ್ಬಿನಲ್ಲಿಯೂ ಕಣ್ಣಿಗೆ ಸಾಕಾಗುವಷ್ಟು ಬೆಳಕು ಕೊಡುತ್ತದೆ. ಕ್ಯಾಮೆರಾದವನು ಹಕ್ಕಿ ಕಂಡೊಡನೆ ಚಿತ್ರ ತೆಗೆಯುತ್ತಾನೆ, ಕಂಡದ್ದು ಏನೆಂದು ಮನೆಗೆ ಹೋಗಿ ನೋಡುತ್ತಾನೆ. ಬೈನಾಕ್ಯುಲರಿನವನು ಅಲ್ಲಿಯೇ ನೋಡುತ್ತಾನೆ: ಹಕ್ಕಿ ಎಲ್ಲಿ ಕೂರುತ್ತದೆ, ಎಷ್ಟು ಹೊತ್ತಿಗೊಮ್ಮೆ ಅದೇ ಕೊಂಬೆಗೆ ಮರಳುತ್ತದೆ, ಹಾರುವ ಮೊದಲು ಹೇಗೆ ಬಗ್ಗುತ್ತದೆ. ಕಳ್ಳಿಪೀರ ಹಾರುವ ಹುಳವನ್ನು ಹಿಡಿದು ಹೊರಟ ಕೊಂಬೆಗೇ ಮರಳುತ್ತದೆಂದು ಒಮ್ಮೆ ನೋಡಿದವನು ಆಮೇಲೆ ಖಾಲಿ ಕೊಂಬೆಗೆ ಫೋಕಸ್ ಮಾಡಿಟ್ಟು ಕಾಯುತ್ತಾನೆ. ಅವನಿಗೆ ಸೆಕೆಂಡಿಗೆ ಮೂವತ್ತು ಚಿತ್ರಗಳ ಕ್ಯಾಮೆರಾ ಬೇಡ. ಅಳಿಯನ ಲಕ್ಷದಲ್ಲಿ ಮೊದಲ ಹತ್ತು ಸಾವಿರವನ್ನು ಇದಕ್ಕೆ ತೆಗೆದಿರಿಸಿದೆ. ಅವನು ಸ್ವಲ್ಪ ಮುಖ ಸಣ್ಣ ಮಾಡಿದ.

ಉಳಿದ ಹಣಕ್ಕೆ ಹೊಸದರಲ್ಲಿ ಸಿಗುವುದಕ್ಕಿಂತ ಒಳ್ಳೆಯದು ಹಳೆಯದರಲ್ಲಿ ಸಿಗುತ್ತದೆಂದು ನನಗೆ ಗೊತ್ತಿತ್ತು. ಎಲ್ಲರೂ ಮಿರರ್‌ಲೆಸ್ ಕಡೆಗೆ ಹೋಗುತ್ತಿರುವ ಈ ಹೊತ್ತಿನಲ್ಲಿ ಚೆನ್ನಾಗಿರುವ ಡಿಎಸ್‌ಎಲ್‌ಆರ್‌ಗಳೂ ಅವುಗಳ ಲೆನ್ಸುಗಳೂ ಇಳಿದ ಬೆಲೆಗೆ ಕೈ ಬದಲಾಯಿಸುತ್ತಿವೆ. ಆದರೆ ನಮ್ಮ ಮಲೆನಾಡು, ಕರಾವಳಿಗಳಲ್ಲಿ ಬಳಕೆಯಾದ ಲೆನ್ಸ್ ಕೊಳ್ಳುವಾಗ ಮೊದಲ ಶತ್ರು ಬೂಷ್ಟು. ಅಂಗಡಿಯೊಂದರಲ್ಲಿ “ಒಂದೇ ಕೈ ಬಳಸಿದ್ದು ಸಾರ್” ಎಂದು ಕೊಟ್ಟ ಲೆನ್ಸನ್ನು ನಾನೊಮ್ಮೆ ಬರಿಗಣ್ಣಿನಿಂದ ನೋಡಿ ತಂದು, ಮನೆಯಲ್ಲಿ ಅಪರ್ಚರ್ ಪೂರ್ತಿ ತೆರೆದು ಹಿಂಬದಿಯಿಂದ ಟಾರ್ಚ್ ಹಾಯಿಸಿದಾಗ, ಒಳಗಿನ ಗಾಜಿನ ಅಂಚಿನಲ್ಲಿ ಜೇಡನ ಎಳೆಯಂಥ ಬಿಳಿಯ ಕವಲುಗಳು ಕಂಡವು. ಹಣ ಮರಳಿ ಬರಲಿಲ್ಲ. ಅಂದಿನಿಂದ ಟಾರ್ಚ್ ಇಲ್ಲದೆ ಲೆನ್ಸ್ ನೋಡಲು ಹೋಗುವುದಿಲ್ಲ. ನೇರವಾಗಿಯಲ್ಲ, ಓರೆಯಾಗಿ ಹಾಯಿಸಿ ನೋಡಬೇಕು. ನಿಕಾನ್ ಬಾಡಿಯದಾದರೆ ಶಟರ್ ಎಷ್ಟು ಸಲ ಬಡಿದಿದೆ ಎಂಬುದನ್ನು ಅದರಲ್ಲೇ ಒಂದು ಚಿತ್ರ ತೆಗೆದು, ಕಡತದೊಳಗಿನ ಮಾಹಿತಿಯಿಂದ ತಿಳಿಯಬಹುದು. ಡಿ500ರ ಶಟರನ್ನು ಎರಡು ಲಕ್ಷ ಸಲಕ್ಕೆ ಪರೀಕ್ಷಿಸಿರುತ್ತಾರೆ. ಅಂಥದ್ದು ಮೂವತ್ತು ಸಾವಿರ ಬಡಿದಿದ್ದರೆ ಅದು ಇನ್ನೂ ಹುಡುಗ.

ಅಳಿಯನೂ ನಾನೂ ಬೆಂಗಳೂರಿಗೆ ಹೋಗಿ ಒಂದು ಶನಿವಾರ ಪೂರ್ತಿ ಅಲೆದೆವು. ಮೊದಲ ಲೆನ್ಸಿನಲ್ಲಿ ಬೂಷ್ಟು, ಎರಡನೆಯದರ ಫೋಕಸ್ ಮೋಟಾರು ಕಿರುಚುತ್ತಿತ್ತು. ಮೂರನೆಯದನ್ನು ಮಾರುತ್ತಿದ್ದವರು ನಿವೃತ್ತ ಎಂಜಿನಿಯರರೊಬ್ಬರು. ಒಳಗೆ ತೇವಾಂಶದ ಮಾಪಕ ಇಟ್ಟ ಗಾಳಿಯಾಡದ ಡಬ್ಬಿಯಿಂದ ಲೆನ್ಸನ್ನು ಹೊರತೆಗೆದು ಮೇಜಿನ ಮೇಲಿಟ್ಟಾಗಲೇ ನಾನು ಮನಸ್ಸಿನಲ್ಲಿ ಒಪ್ಪಿಬಿಟ್ಟೆ. ಮಾಪಕ ಶೇಕಡ 45 ತೋರಿಸುತ್ತಿತ್ತು, ಬೂಷ್ಟಿಗೆ ಎಡೆಯಿಲ್ಲದಷ್ಟು ಒಣ. 300 ಮಿ.ಮೀ., ಎಫ್/4, ಕಿಂಡಿ 75 ಮಿ.ಮೀ. ಜೊತೆಗೆ ಹಳೆಯದಾದರೂ ಸುಸ್ಥಿತಿಯಲ್ಲಿದ್ದ ಒಂದು ಎಪಿಎಸ್‌-ಸಿ ಬಾಡಿ. ಅಳಿಯ ಲೆನ್ಸನ್ನು ಕೈಗೆತ್ತಿಕೊಂಡು, ಒಂದು ಉಂಗುರ ತಿರುಗಿಸಿ, ಇನ್ನೊಂದನ್ನು ಹುಡುಕಿದ. “ಮಾವ, ಇದರ ಜೂಮ್ ಎಲ್ಲಿ?” ಎಂದ. ಜೂಮ್ ಇರಲಿಲ್ಲ. 125 ಪಟ್ಟು ಎಂದು ಹೊರಟವನು ಒಂದೇ ಒಂದು ಪಟ್ಟಿನ ಲೆನ್ಸ್ ಹಿಡಿದು ರೈಲು ಹತ್ತಿದ.

ಆಷಾಢದ ಎರಡನೆಯ ವಾರ ಅವನಿಂದ ಮೊದಲ ಚಿತ್ರ ಬಂತು. ಅಡಿಕೆ ಸೋಗೆಯ ಮೇಲೆ, ಸುರಿವ ಮಳೆಯಲ್ಲಿ ನೆನೆದು ಅರ್ಧವಾಗಿ ಕುಳಿತ ಕೆಂಬೂತ. 1/160 ಸೆಕೆಂಡ್, ಐಎಸ್‌ಒ 6400. ಕಂದು ರೆಕ್ಕೆಯ ಅಂಚಿನಲ್ಲಿ ಇಳಿಯುತ್ತಿದ್ದ ಹನಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಕೆಂಪು ಕಣ್ಣಿನ ಫೋಕಸ್ ಮಾತ್ರ ಒಂದೆಳೆಯಷ್ಟು ತಪ್ಪಿ ರೆಕ್ಕೆಗೆ ಹೋಗಿತ್ತು. ಅದನ್ನು ಹೇಳಿದೆ. “ನಾಳೆನೂ ಅಲ್ಲೇ ಕೂರುತ್ತೆ ಮಾವ, ಮೂರು ದಿನದಿಂದ ಬೈನಾಕ್ಯುಲರಲ್ಲಿ ನೋಡ್ತಿದೀನಿ” ಎಂದು ಉತ್ತರ ಬಂತು.